ದಂಡಿಯ ಉಪ್ಪು, ನಮ್ಮ ದಂಡೆಯ ಉಪ್ಪು

ಐದನೇ ತರಗತಿಯ ಮಗಳು ಪರೀಕ್ಷೆಗೆ ಓದುತ್ತಿದ್ದಳು. "ಉಪ್ಪಿನ ಸತ್ಯಾಗ್ರಹ ಎಲ್ಲಿ ನಡೆಯಿತು?" ಎಂದು ನಾವು ಕೇಳಿದೆವು.

"ದಂಡಿ, ಗುಜರಾತ್" ಎಂದಳು.

"ಮತ್ತೆಲ್ಲಿ?"

"ನೋಟ್ಸಿನಲ್ಲಿ ಅಷ್ಟೇ ಬರೆದುಕೊಂಡಿದ್ದೇನೆ ಅಪ್ಪ."

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ನಮ್ಮ ಮುಖ ನೋಡಿದರು. "ಅಂಕೋಲೆದು ಬರೂದಿಲ್ವನೋ ಅದರಲ್ಲಿ?" ಎಂದರು.

ನಮಗೆ ನಾಚಿಕೆಯಾಯಿತು. ನಮ್ಮೂರಿನಿಂದ ಅಂಕೋಲೆಗೆ ಒಂದು ಗಂಟೆಯ ಬಸ್ ದಾರಿ. ಉಪ್ಪು ಬೆಳೆಯುವ ಸಾಣಿಕಟ್ಟಾ ಅದಕ್ಕಿಂತ ಹತ್ತಿರ. ಹತ್ತು ವರ್ಷಗಳಿಂದ ಈ ಕರಾವಳಿಯ ಸುದ್ದಿ ಬರೆಯುತ್ತಿದ್ದೇವೆ. ದೋಣಿ ಮುಳುಗಿದರೆ ಓಡಿದ್ದೇವೆ, ಕಡಲ್ಕೊರೆತವಾದರೆ ಫೋಟೋ ತೆಗೆದಿದ್ದೇವೆ. ಆದರೆ ಮನೆಯ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ, "ಇದು ನಮ್ಮ ನದಿ, ಇದು ನಮ್ಮ ಉಪ್ಪು" ಎಂದು ಒಮ್ಮೆಯೂ ತೋರಿಸಿರಲಿಲ್ಲ.

ಆ ವಾರವೇ ಹೊರಟೆವು. ನಾವಿಬ್ಬರು, ಮಗಳು, ಏಳು ವರ್ಷದ ಮಗ ಮತ್ತು ಅಜ್ಜಿ. ದಿನ ಗೊತ್ತು ಮಾಡಿದ್ದು ಅಜ್ಜಿಯೇ. "ಹುಣ್ಣಿಮೆ ಹತ್ತಿರ ಇದ್ದಾಗ ಹೋಗುವ. ಮಧ್ಯಾಹ್ನದ ಹೊತ್ತಿಗೆ ನೀರು ಏರ್ತದೆ, ಸಂಜೆಗೆ ಪೂರಾ ಇಳೀತದೆ. ಎರಡೂ ನೋಡ್ಬಹುದು" ಎಂದರು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ-ಇಳಿತ ಎರಡೂ ಜೋರು. ದಿನದಿಂದ ದಿನಕ್ಕೆ ಅದರ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಕ್ಕಳಿಗೆ ಮೊದಲ ಪಾಠ ಮನೆ ಬಿಡುವ ಮುಂಚೆಯೇ ಸಿಕ್ಕಿತು.

ಮೆಣಸು ಹೋದ ದಾರಿ

ಕುಮಟಾದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಸುಮಾರು 11 ಕಿ.ಮೀ. ದೂರದಲ್ಲಿ ಮಿರ್ಜಾನ. ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗೆ ಕೋಟೆ. ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು. ಮಳೆಗಾಲದಲ್ಲಿ ಗೋಡೆಯೆಲ್ಲ ಹಸಿರು ಪಾಚಿ. ನಾವು ಹೋದಾಗ ಬಿಸಿಲಿಗೆ ಒಣಗಿ ಕೆಂಪಗಿತ್ತು.

"ಸಮುದ್ರವೇ ಕಾಣುವುದಿಲ್ಲ. ಇಲ್ಲಿ ಯಾಕೆ ಕೋಟೆ?" ಎಂದು ಮಗಳು ಕೇಳಿದಳು.

ಉತ್ತರ ನದಿಯಲ್ಲಿದೆ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಘಟ್ಟ ಇಳಿದು, ಸುಮಾರು 120 ಕಿ.ಮೀ. ಹರಿದು ತದಡಿಯ ಬಳಿ ಸಮುದ್ರ ಸೇರುತ್ತದೆ. ಇಷ್ಟು ಉದ್ದಕ್ಕೂ ಅದಕ್ಕೆ ಒಂದೂ ಅಣೆಕಟ್ಟಿಲ್ಲ. ಘಟ್ಟದ ತೋಟಗಳಲ್ಲಿ ಬೆಳೆದ ಕಾಳುಮೆಣಸು ಕೆಳಗಿಳಿದು ಹಡಗು ಹತ್ತಬೇಕಾದರೆ ಇಂಥ ನದಿಯ ಬಾಯಿಗೇ ಬರಬೇಕು. ಆ ಬಾಯಿಯ ಮೇಲೆ ಕಣ್ಣಿಟ್ಟು ಕೂತ ಕೋಟೆ ಇದು.

ಈ ಕೋಟೆಯ ಜೊತೆ ಜನ ನೆನೆಯುವ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಇಲ್ಲಿ 2000-01ರಲ್ಲಿ ಪುರಾತತ್ವ ಇಲಾಖೆ ಉತ್ಖನನ ಮಾಡಿದಾಗ ಚೀನಾದ ಪಿಂಗಾಣಿ ಚೂರುಗಳು, ಪೋರ್ಚುಗೀಸರ ಚಿನ್ನದ ನಾಣ್ಯ, ಗುಂಡುಗಳು ಸಿಕ್ಕವು. ಚೀನಾದ ತಟ್ಟೆ ಒಡೆದದ್ದು ನಮ್ಮ ಮಿರ್ಜಾನದಲ್ಲಿ ಎಂದಾಗ ಮಗ ಬಾಗಿ ಬಾಗಿ ನೆಲ ನೋಡತೊಡಗಿದ. ಇಲ್ಲಿ ಏನೇ ಸಿಕ್ಕರೂ ಜೇಬಿಗೆ ಹಾಕುವಂತಿಲ್ಲ, ಅಲ್ಲಿರುವ ಸಿಬ್ಬಂದಿಗೆ ಕೊಡಬೇಕು ಎಂದು ಹೇಳಿಕೊಟ್ಟೆವು.

ಬುರುಜಿನ ಮೇಲೆ ಕೂತು ಅವಲಕ್ಕಿ ತಿನ್ನುವಾಗ ಇನ್ನೊಂದು ಕತೆ ಹೇಳಿದೆವು. ಮೆಣಸಿನ ಕಾಲ ಮುಗಿದ ಎಷ್ಟೋ ವರ್ಷಗಳ ಮೇಲೆ ಕುಮಟಾಕ್ಕೆ ಹತ್ತಿಯ ಕಾಲ ಬಂತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಒಳಯುದ್ಧ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ಈಗಲೂ ಹಳೆಯ ಪುಸ್ತಕಗಳಲ್ಲಿ 'ಕುಮಟಾ ಹತ್ತಿ' ಎಂಬ ಹೆಸರಿದೆ. ಕುಮಟಾದಲ್ಲಿ ಹತ್ತಿ ಬೆಳೆದದ್ದಲ್ಲ, ಹಡಗು ಹತ್ತಿದ್ದು ಮಾತ್ರ. ಮದ್ರಾಸ್ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಸಾಗಣೆಯ ಒತ್ತಾಯವಿತ್ತು.

"ಮೆಣಸಿನ ಹಡಗೂ ಇಲ್ಲ, ಹತ್ತಿ ಹಡಗೂ ಇಲ್ಲ. ಹಾಗಾದರೆ ಈಗ ಉಳಿದದ್ದು ಏನು?" ಎಂದಳು ಮಗಳು.

ಅದನ್ನು ನೋಡಲು ಮುಂದೆ ಹೊರಟೆವು.

ಅಜ್ಜಿ ಮಾತಾಡದೆ ನಿಂತ ಗಜನಿ

ಹೆದ್ದಾರಿಯಲ್ಲಿ ಮುಂದೆ ಸಾಗಿ ಮಾದನಗೇರಿಯ ಹತ್ತಿರ ಗೋಕರ್ಣದ ಕಡೆ ತಿರುಗಿದರೆ ಸಿಗುವುದು ಗಜನಿ ಸೀಮೆ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇವೆ: ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟೆ, ನೀರು ಬಿಡಲು ಮತ್ತು ತಡೆಯಲು ಮರದ ಬಾಗಿಲಿನ ತೂಬು. ಮಳೆಗಾಲದಲ್ಲಿ ಸಿಹಿನೀರು ಬಂದು ಉಪ್ಪು ತೊಳೆದು ಹೋಗುತ್ತದೆ. ಆಗ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ಎಂದರೆ ಉಪ್ಪು ತಾಳುವ ಭತ್ತ. ಆಳೆತ್ತರ ಬೆಳೆಯುತ್ತದೆ, ಅಕ್ಕಿ ಕೆಂಪು. ಗೊಬ್ಬರ ಕೇಳುವುದಿಲ್ಲ. ಕೊಯ್ದ ಮೇಲೆ ಉಳಿದ ಕೂಳೆಯ ನಡುವೆ ಮೀನು, ಸಿಗಡಿ ಬೆಳೆಯುತ್ತವೆ. ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. ಒಂದೇ ನೆಲದಲ್ಲಿ ಅನ್ನವೂ ಮೀನೂ.

ನಮ್ಮ ಮನೆಗೂ ಒಂದು ತುಂಡು ಗಜನಿ ಇತ್ತು. ಅಜ್ಜಿ ಮದುವೆಯಾಗಿ ಬಂದ ವರ್ಷದಿಂದ ಅದರಲ್ಲಿ ದುಡಿದವರು. ಸಿಗಡಿ ಕೃಷಿಯ ಆಸೆ ಕರಾವಳಿಗೆಲ್ಲ ಹಬ್ಬಿದಾಗ ಆ ನೆಲವನ್ನು ಕೆರೆ ತೋಡಲು ಗುತ್ತಿಗೆ ಕೊಟ್ಟೆವು. ಮೂರ್ನಾಲ್ಕು ವರ್ಷ ಹಣ ಬಂತು. ಆಮೇಲೆ ರೋಗ ಬಂದು ಸಿಗಡಿ ಸತ್ತವು, ಗುತ್ತಿಗೆಯವರು ಬಿಟ್ಟುಹೋದರು. ಕಟ್ಟೆ ಒಡೆಯಿತು. ಕಟ್ಟೆ ಒಂದು ಮನೆಯದಲ್ಲ, ಸಾಲಿನ ಎಲ್ಲ ಮನೆಗಳದು. ಒಬ್ಬರು ಕೈಬಿಟ್ಟರೆ ಪಕ್ಕದವರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಈಗ ಅಲ್ಲಿ ಬೆಳೆಯೂ ಇಲ್ಲ, ಸಿಗಡಿಯೂ ಇಲ್ಲ. ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ.

ದಾರಿ ಬದಿಯ ಗಜನಿಯಲ್ಲಿ ಹಳದಿ ಕೂಳೆ ನಿಂತಿತ್ತು. ಅಜ್ಜಿ ಕಟ್ಟೆಯ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಮಗ ಅವರ ಸೆರಗು ಎಳೆದು, "ಅಜ್ಜಿ, ನಮ್ಮ ಕಗ್ಗದ ಬೀಜ ಎಲ್ಲಿದೆ?" ಎಂದ.

"ಇಲ್ಲ ಮಗಾ. ಬೀಜ ಡಬ್ಬಿಯಲ್ಲಿ ಇಟ್ರೆ ಉಳಿಯೂದಿಲ್ಲ. ವರ್ಷಾ ವರ್ಷಾ ಬಿತ್ತಬೇಕು" ಎಂದರು.

ಸಮಾಧಾನದ ಸಂಗತಿ ಎಂದರೆ, ಅಘನಾಶಿನಿ ದಂಡೆಯ ಕೆಲವು ಊರುಗಳ ರೈತರು ಇನ್ನೂ ಕಗ್ಗ ಬಿಟ್ಟಿಲ್ಲ. ಅಂಥ ಒಂದು ಮನೆಯಲ್ಲಿ ಎರಡು ಕಿಲೋ ಅಕ್ಕಿ ಕೊಂಡೆವು. ಅಜ್ಜಿ ಚೀಲದೊಳಗೆ ಕೈಹಾಕಿ, ಒಂದು ಹಿಡಿ ತೆಗೆದು ಮೂಸಿ ನೋಡಿ, ಮತ್ತೆ ಚೀಲಕ್ಕೇ ಹಾಕಿದರು.

ಸಾಣಿಕಟ್ಟಾದ ಬಿಳಿ ರಾಶಿ

ಮಧ್ಯಾಹ್ನ ಸಾಣಿಕಟ್ಟಾ ತಲುಪಿದೆವು. ನೆಲವೆಲ್ಲ ಚೌಕ ಚೌಕವಾಗಿ ಹೊಳೆಯುತ್ತಿತ್ತು. ಅಲ್ಲಲ್ಲಿ ಉಪ್ಪಿನ ಬಿಳಿ ರಾಶಿ. ಕೆಲಸದಲ್ಲಿದ್ದವರನ್ನು ಕೇಳಿ, ಒಪ್ಪಿಗೆ ಪಡೆದು ಬದುವಿನ ಮೇಲೆ ನಡೆದೆವು.

ಉಪ್ಪು ಆಗುವ ಬಗೆ ಸರಳ. ಉಬ್ಬರದ ನೀರನ್ನು ದೊಡ್ಡ ಹೊಂಡಕ್ಕೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿಂದ ಒಂದರ ನಂತರ ಒಂದು ಆಳವಿಲ್ಲದ ಮಡಿಗಳಿಗೆ ಹರಿಸುತ್ತಾರೆ. ಬಿಸಿಲು, ಗಾಳಿಗೆ ನೀರು ಆರುತ್ತಾ ದಪ್ಪವಾಗುತ್ತದೆ. ಕೊನೆಯ ಸಣ್ಣ ಮಡಿಯಲ್ಲಿ ಹರಳು ಕಟ್ಟುತ್ತದೆ. ಉದ್ದ ಕೋಲಿನ ಹಲಗೆಯಿಂದ ಅದನ್ನು ಎಳೆದು ರಾಶಿ ಹಾಕುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ ಉಪ್ಪು. ಚಳಿಗಾಲ ಕಳೆದ ಮೇಲೆ ಶುರುವಾದ ಕೆಲಸ ಮೊದಲ ಮಳೆಯ ತನಕ. ಬೇಸಿಗೆಯಲ್ಲಿ ಅಕಾಲ ಮಳೆ ಒಂದು ಬಂದರೂ ಮಡಿಯ ಉಪ್ಪು ಕರಗಿಹೋಗುತ್ತದೆ.

ಅಲ್ಲೇ ನೆರಳಿನಲ್ಲಿ ಕೂತು ಅಂಕೋಲೆಯ ಕತೆ ಹೇಳಿದೆವು.

ಬ್ರಿಟಿಷರ ಕಾಲದಲ್ಲಿ ಉಪ್ಪು ಸರ್ಕಾರದ ಸ್ವತ್ತು. ಕಣ್ಣೆದುರು ಸಮುದ್ರವಿದ್ದರೂ ಪರವಾನಗಿ ಇಲ್ಲದೆ ಒಂದು ಹಿಡಿ ಉಪ್ಪು ಮಾಡಿದರೆ ಅಪರಾಧ. ಕೊಳ್ಳುವ ಉಪ್ಪಿಗೆಲ್ಲ ತೆರಿಗೆ. ಗಂಜಿ ಕುಡಿಯುವ ಬಡವರಿಗೂ ಅಷ್ಟೇ ತೆರಿಗೆ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಅವರ ಜೊತೆ ನಡೆದವರಲ್ಲಿ ನಮ್ಮ ಹಾವೇರಿ ಕಡೆಯ ಮೈಲಾರ ಮಹಾದೇವ ಇದ್ದರು. ಅದಾಗಿ ಒಂದು ವಾರಕ್ಕೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಕರ್ನಾಟಕದಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಜಾಗ ಅದು.

ಅಷ್ಟಕ್ಕೇ ನಿಲ್ಲಲಿಲ್ಲ. ಅಂಕೋಲೆ, ಸಿದ್ದಾಪುರ ಸೀಮೆಯ ರೈತರು ಭೂಕಂದಾಯ ಕೊಡುವುದಿಲ್ಲ ಎಂದರು. ಕರನಿರಾಕರಣೆ ಎಂದು ಅದಕ್ಕೆ ಹೆಸರು. ಸರ್ಕಾರ ಜಮೀನು ಜಪ್ತಿ ಮಾಡಿತು, ಹರಾಜು ಹಾಕಿತು. ಎಷ್ಟೋ ಜನ ಜೈಲು ಸೇರಿದರು. ಆದರೂ ಬಗ್ಗಲಿಲ್ಲ. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಹಾಗೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಳೆದುಕೊಂಡ ಜಮೀನುಗಳನ್ನು ಮರಳಿಸುವ ಕೆಲಸ ನಡೆಯಿತು. ಉಪ್ಪಿನ ತೆರಿಗೆ ರದ್ದಾದದ್ದು 1947ರಲ್ಲಿ.

ನಮ್ಮ ಮಾತು ಮುಗಿದ ಮೇಲೆ ಅಜ್ಜಿ ತಮ್ಮದೊಂದು ಸೇರಿಸಿದರು. ಅವರ ಅಪ್ಪ ಆಗ ಹತ್ತು ವರ್ಷದ ಹುಡುಗನಂತೆ. ಯಾರೋ ತಂದುಕೊಟ್ಟ ಸತ್ಯಾಗ್ರಹದ ಉಪ್ಪನ್ನು ಮನೆಯಲ್ಲಿ ಅಡುಗೆಗೆ ಹಾಕದೆ, ಬಾಳೆಲೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರಂತೆ. ಮಳೆಗಾಲ ಬಂದಾಗ ಅದು ನೀರಾಗಿ ಹರಿದುಹೋಯಿತಂತೆ. "ಅಪ್ಪ ಅತ್ತನಂತೆ. ಅವನ ಅವ್ವ, 'ಅಳಬೇಡ, ಸಮುದ್ರ ಎಲ್ಲೂ ಹೋಗೂದಿಲ್ಲ' ಅಂದಳಂತೆ."

ಇದು ನಮಗೂ ಹೊಸದು. ಮೂವತ್ತು ದಾಟಿದ ನಾವು, ಸುದ್ದಿ ಹುಡುಕುವುದೇ ಕಸುಬಾದ ನಾವು, ಮನೆಯೊಳಗಿನ ಈ ಸುದ್ದಿಯನ್ನು ಅಷ್ಟು ವರ್ಷ ಕೇಳಿರಲಿಲ್ಲ. ಕೇಳಿದ್ದರೆ ಅಜ್ಜಿ ಹೇಳದೆ ಇರುತ್ತಿರಲಿಲ್ಲ.

ನೀರು ಇಳಿದಾಗ

ಸಂಜೆ ನದಿಯ ದಂಡೆಗೆ ಬಂದೆವು. ಬೆಳಿಗ್ಗೆ ನೀರಿದ್ದ ಜಾಗದಲ್ಲಿ ಈಗ ಕೆಸರಿನ ದಿಬ್ಬ. ಸೊಂಟದ ತನಕ ನೀರಿನಲ್ಲಿ ನಿಂತು ಹೆಂಗಸರು ಬೆಳಚು ತೆಗೆಯುತ್ತಿದ್ದರು. ಬೆಳಚು ಎಂದರೆ ಎರಡು ಚಿಪ್ಪಿನೊಳಗಿನ ಮಾಂಸ. ಊಟವೂ ಹೌದು, ಸಂಪಾದನೆಯೂ ಹೌದು. ದಂಡೆಯಲ್ಲಿ ಕಾಂಡ್ಲಾ ಗಿಡಗಳು. ಒಂದು ಜಾತಿಯ ಕಾಂಡ್ಲಾದ ಬೀಜ ಗಿಡದಲ್ಲಿರುವಾಗಲೇ ಮೊಳೆತು ಕೋಲಿನಂತೆ ಇಳಿಬೀಳುತ್ತದೆ. ಆಮೇಲೆ ಕಳಚಿ ಬಿದ್ದು ಕೆಸರಿನಲ್ಲಿ ಬೇರೂರುತ್ತದೆ. ಮಗನಿಗೆ ಕೋಟೆಗಿಂತ ಇದೇ ದೊಡ್ಡ ಸೋಜಿಗವಾಯಿತು.

ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು. ಜನ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಪಟ್ಟಿ ಒಳ್ಳೆಯದೇ. ಆದರೆ ಕಟ್ಟೆ ಕಟ್ಟುವವರು, ಉಪ್ಪು ಎಳೆಯುವವರು, ಬೆಳಚು ತೆಗೆಯುವವರು ಇದ್ದರೆ ಮಾತ್ರ ಅಳಿವೆ ಉಳಿದೀತು. ಮೆಣಸಿನ ಹಡಗು ನಿಂತಿತು, ಹತ್ತಿಯ ಹಡಗೂ ನಿಂತಿತು. ಇವರ ಕೆಲಸ ನಿಂತಿಲ್ಲ. ಮಗಳ ಪ್ರಶ್ನೆಗೆ ನಮ್ಮ ಉತ್ತರ ಅದು.

ನೀವೂ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನಾಲ್ಕು ಮಾತು. ಉಬ್ಬರ-ಇಳಿತದ ಹೊತ್ತನ್ನು ಊರಿನ ಮೀನುಗಾರರಲ್ಲಿ ಕೇಳಿಕೊಳ್ಳಿ. ಕೆಸರಿನ ದಿಬ್ಬದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ನೀರು ಹಿಂದಿನಿಂದ ಏರುತ್ತದೆ. ಉಪ್ಪಿನ ಮಡಿಗೆ ಕಾಲಿಡಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಕರೆದುಕೊಂಡೇ ಹೋಗಿ.

ಮಕ್ಕಳು ಗೋಕರ್ಣದ ಸಮುದ್ರದಿಂದ ಒಂದು ಬಾಟಲಿ ನೀರು ತಂದಿದ್ದರು. ಸ್ಟೀಲ್ ತಟ್ಟೆಗಳಲ್ಲಿ ಹೊಯ್ದು ಬಿಸಿಲಿಗಿಟ್ಟರು. ಕೆಲವು ದಿನಕ್ಕೆ ಉಪ್ಪು ಕಟ್ಟಿತು. ನಾಲಿಗೆಗೆ ಇಟ್ಟು ಮಗಳು ಮುಖ ಕಿವುಚಿದಳು: "ಕಹಿ!" ಉಪ್ಪು ಬೆಳೆಯುವವರು ಕೊನೆಯಲ್ಲಿ ಉಳಿಯುವ ಕಹಿನೀರನ್ನು ಹೊರಗೆ ಬಿಡುತ್ತಾರೆ. ನಾವು ಅದನ್ನೂ ಒಣಗಿಸಿದ್ದೆವು. ಎಷ್ಟು ಹೊತ್ತಿಗೆ ನೀರು ಬಿಡಬೇಕು ಎಂಬುದೇ ಅವರ ವಿದ್ಯೆ.

ಅಂದು ರಾತ್ರಿ ಅಜ್ಜಿ ಕಗ್ಗದ ಗಂಜಿ ಮಾಡಿದರು. ಉಪ್ಪು ಮಾತ್ರ ಸಾಣಿಕಟ್ಟಾದ್ದು. ಊಟವಾದ ಮೇಲೆ ಮಗಳು ನೋಟ್ಸ್ ತೆಗೆದು, 'ದಂಡಿ' ಎಂದು ಬರೆದಿದ್ದ ಸಾಲಿನ ಕೆಳಗೆ ಬರೆದಳು: 'ಅಂಕೋಲಾ, 13 ಏಪ್ರಿಲ್ 1930.' ಮುಂದಿನ ರಜೆಗೆ ಅಲ್ಲಿಗೆ ಹೋಗುವುದು ಎಂದು ನಿಶ್ಚಯವಾಗಿದೆ. ಮಳೆಗಾಲಕ್ಕೆ ಮುಂಚೆ ನಮ್ಮ ಸಾಲಿನ ಮನೆಯವರನ್ನೆಲ್ಲ ಕೂರಿಸಿ ಒಡೆದ ಕಟ್ಟೆಯ ಮಾತು ಆಡುವುದು ಎಂದೂ ನಿಶ್ಚಯಿಸಿದ್ದೇವೆ. ಬೀಜ ಕೊಡುತ್ತೇವೆ ಎಂದು ಅಕ್ಕಿ ಕೊಟ್ಟ ಮನೆಯವರು ಹೇಳಿದ್ದಾರೆ.