ಎರಡಾಣೆಯ ಉಳಿತಾಯವೂ ಸೂರ್ಯನ ದೀಪವೂ

ಅಂಬಲಪಾಡಿಯ ಜನಾರ್ದನ-ಮಹಾಕಾಳಿಯರ ಸನ್ನಿಧಿಯಲ್ಲಿ ಮುಸ್ಸಂಜೆಯ ದೀಪಗಳನ್ನು ಕಂಡು ಮೂಡು ದಿಕ್ಕಿಗೆ ಹೊರಟವನು ಉಡುಪಿ, ಮಣಿಪಾಲ, ಹಿರಿಯಡ್ಕಗಳನ್ನು ದಾಟಿ ಘಟ್ಟದ ತಪ್ಪಲನ್ನು ಸೇರುವುದಕ್ಕೆ ಇಂದು ಬಹಳ ಹೊತ್ತು ಬೇಕಾಗದು. ಆದರೆ ಬೆಳಕು ಇದೇ ದಾರಿಯನ್ನು ನಡೆದು ಮುಗಿಸುವುದಕ್ಕೆ ಎಷ್ಟೋ ದಶಕಗಳು ಹಿಡಿದುವು. ಆ ನಡಿಗೆಯ ಚರಿತ್ರೆಯಲ್ಲಿ ನಮ್ಮ ಸೀಮೆಯ ಪಾಲು ಎಷ್ಟೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ನಮ್ಮ ಪೂರ್ವಿಕರು ದೀಪಕ್ಕಾಗಿ ಪರದೇಶವನ್ನು ನಂಬಿದವರಲ್ಲ. ಕಡಲತಡಿಯ ಹೊನ್ನೆಮರದ ಬೀಜದಿಂದ ತೆಗೆದ ಎಣ್ಣೆಯೇ ಅನೇಕ ಮನೆಗಳಲ್ಲಿ ಉರಿಯುತ್ತಿದ್ದಿತು. ಹಿತ್ತಿಲ ಮರವು ವರ್ಷವರ್ಷವೂ ಕೊಡುತ್ತಿದ್ದ ಆ ಎಣ್ಣೆಗೆ ಕ್ಷಯವೆಂಬುದಿರಲಿಲ್ಲ. ತರುವಾಯ ಚಿಮಿಣಿ ಎಣ್ಣೆ ಬಂದಿತು. ಅದರ ಬೆಳಕು ಹೆಚ್ಚು, ತೊಂದರೆ ಕಡಿಮೆ. ಆದುದರಿಂದ ಜನರು ಅದನ್ನು ಒಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಂದಿನಿಂದ ದೀಪವು ಹಿತ್ತಿಲನ್ನು ಬಿಟ್ಟು ಅಂಗಡಿಯನ್ನು ಸೇರಿತು. ಮನೆಯ ಗೋಡೆಗೆ ಮಸಿಯೂ, ಮಕ್ಕಳ ಎದೆಗೆ ಹೊಗೆಯೂ, ಯಜಮಾನನಿಗೆ ತಪ್ಪದ ಖರ್ಚೂ ಅದರೊಡನೆ ಬಂದುವು.

ಇತ್ತ 1902ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಪಡೆದು, ತೊಂಬತ್ತು ಮೈಲಿಗಳಿಗೂ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಏಷ್ಯಾ ಖಂಡಕ್ಕೇ ಮೇಲ್ಪಂಕ್ತಿಯಾದ ಕಾರ್ಯವಿದು. ಆದರೂ ಆ ತಂತಿಯು ದಾರಿಯಲ್ಲಿ ಹಾಯ್ದ ಹಳ್ಳಿಗಳೆಷ್ಟೋ ಕತ್ತಲೆಯಲ್ಲಿಯೇ ಉಳಿದುವು. ಕೊಳ್ಳುವ ಗಿರಾಕಿಯಿರುವ ಕಡೆಗೆ ತಂತಿಯು ಓಡುವುದು ಲೋಕದ ರೂಢಿ.

ತುಳುನಾಡಿನಲ್ಲಿ ಈ ಕಷ್ಟವು ಇಮ್ಮಡಿಯಾಗಿದ್ದಿತು. ಘಟ್ಟದ ಮೇಲಣ ಬಯಲುಸೀಮೆಯಲ್ಲಿ ಮನೆಗಳು ಒಂದಕ್ಕೊಂದು ಆತು ನಿಂತು ಊರಾಗುವುವು. ನಮ್ಮಲ್ಲಿ ಹಾಗಲ್ಲ, ಗದ್ದೆಯ ಬದಿಗೊಂದು, ಗುಡ್ಡದ ಮಗ್ಗುಲಿಗೊಂದು, ತೋಟದ ನಡುವೆ ಮತ್ತೊಂದು. ಒಂದು ಮನೆಗಾಗಿ ಹತ್ತಾರು ಕಂಬಗಳನ್ನು ನೆಡಬೇಕು. ಮಳೆಗಾಲದಲ್ಲಿ ಮರಬಿದ್ದು ತಂತಿ ಕಡಿದರೆ ಅದನ್ನು ಹುಡುಕಿಕೊಂಡು ಹೋಗಬೇಕು. ಕಾರ್ಕಳದ ಮೂಡಣ ಅಂಚಿನಲ್ಲಿಯೂ ಹೆಬ್ರಿಯ ಆಚೆಯಲ್ಲಿಯೂ ಕಾಡು ಸೇರಿದ ಮನೆಗಳಿಗೆ ಕಂಬವು ತಡವಾಗಿ ತಲಪಿದುದಕ್ಕೆ ಇದೇ ಮುಖ್ಯ ಕಾರಣವು. 1989ರಲ್ಲಿ ವಾರಾಹಿಯ ನೀರಿನಿಂದ ವಿದ್ಯುತ್ತು ಹುಟ್ಟಿದ ಮೇಲೂ ಆ ನೀರು ಹರಿಯುವ ಕಾಡುಗಳಲ್ಲಿ ಚಿಮಿಣಿ ದೀಪವು ನಂದಲಿಲ್ಲ.

ಇಂತಹ ಮನೆಗಳಿಗೆ ಆಕಾಶದಿಂದಲೇ ಬೆಳಕನ್ನಿಳಿಸುವ ಸಾಧನವು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಸಿಲಿಕಾನೆಂಬ ಮೂಲವಸ್ತುವಿನ ಬಿಲ್ಲೆಯ ಮೇಲೆ ಬಿಸಿಲು ಬಿದ್ದರೆ ವಿದ್ಯುತ್ತು ಹರಿಯುವುದು. ಹಗಲಿನಲ್ಲಿ ಅದನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಇರುಳಿನಲ್ಲಿ ಉರಿಸಿಕೊಳ್ಳಬಹುದು. ನಲವತ್ತು ವ್ಯಾಟಿನಷ್ಟು ಸಣ್ಣ ಫಲಕವೊಂದಿದ್ದರೆ ಸಾಧಾರಣ ಮನೆಯ ಮೂರು ನಾಲ್ಕು ಕೋಣೆಗಳಿಗೆ ಸಂಜೆಯ ಕೆಲವು ಗಂಟೆಗಳ ಬೆಳಕು ದೊರೆಯುವುದು. ಆದರೆ ಇಲ್ಲಿ ಬೇರೊಂದು ತೊಡಕು. ಚಿಮಿಣಿ ಎಣ್ಣೆಯನ್ನು ಕುಪ್ಪಿಯ ಲೆಕ್ಕದಲ್ಲಿ ಕೊಳ್ಳಬಹುದು. ಬಿಸಿಲಿಗೆ ಬೆಲೆಯಿಲ್ಲವಾದರೂ ಅದನ್ನು ಹಿಡಿಯುವ ಫಲಕಕ್ಕೂ ಬ್ಯಾಟರಿಗೂ ಸಾವಿರಾರು ರೂಪಾಯಿಗಳನ್ನು ಒಮ್ಮೆಗೇ ಎಣಿಸಬೇಕು. ದಿನದ ಕೂಲಿಯವನಿಗೆ ಅದು ಹೇಗೆ ಸಾಧ್ಯ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಉಡುಪಿಯ ಹಳೆಯ ಕಥೆಯೊಂದನ್ನು ನೆನೆಯಬೇಕು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು ಎಂಟು ಸಾವಿರ ರೂಪಾಯಿಗಳ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಇಲ್ಲಿ ಸ್ಥಾಪಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬುದು ಅವರ ಆಶಯವಾಗಿದ್ದಿತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ದೇಶವೆಲ್ಲ ಹೆಸರಾದುದು ಇದೇ ಸಂಸ್ಥೆ. 1928ರಲ್ಲಿ ಇವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಮನುಷ್ಯನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪವನ್ನಾದರೂ ಪಡೆದು ಲೆಕ್ಕಕ್ಕೆ ಸೇರಿಸುವನು. ಬಡವನಲ್ಲಿ ಹಣವೇ ಇಲ್ಲವೆಂಬುದು ಪೂರ್ಣ ಸತ್ಯವಲ್ಲ. ಅದು ಅವನ ಕೈಗೆ ದಿನದಿನದ ಚಿಲ್ಲರೆಯಾಗಿ ಬರುವುದು, ಹಾಗೆಯೇ ಹೋಗುವುದು. ಲೆಕ್ಕವನ್ನು ಆ ಚಿಲ್ಲರೆಗೆ ಹೊಂದಿಸಿದರೆ ಅವನೂ ವ್ಯವಹಾರಸ್ಥನೇ. ಉಡುಪಿಯು ಕಂಡುಕೊಂಡ ತಿಳಿವು ಇದು.

ಅರುವತ್ತೇಳು ವರ್ಷಗಳ ತರುವಾಯ ಈ ತಿಳಿವು ದೀಪದ ಕಡೆಗೆ ತಿರುಗಿತು. ನಮ್ಮ ಜಿಲ್ಲೆಯ ಹಂದಟ್ಟಿನ ಮೂಲದವರಾದ ಹರೀಶ್ ಹಂದೆಯವರು ಒರಿಸ್ಸಾದ ರೂರ್ಕೆಲಾದಲ್ಲಿ ಬೆಳೆದು, ಅಮೆರಿಕದಲ್ಲಿ ಉನ್ನತ ವಿದ್ಯಾಭ್ಯಾಸವನ್ನು ಮಾಡುತ್ತಿದ್ದಾಗ, ಡೊಮಿನಿಕನ್ ಗಣರಾಜ್ಯದ ಬಡಜನರು ತಮ್ಮ ಹಣದಿಂದ ಸೌರದೀಪಗಳನ್ನು ಕೊಂಡು ಉರಿಸುವುದನ್ನು ಕಂಡರು. 1995ರಲ್ಲಿ ನೆವಿಲ್ ವಿಲಿಯಮ್ಸರೊಡನೆ ಸೆಲ್ಕೋ ಎಂಬ ಸಂಸ್ಥೆಯನ್ನು ಕಟ್ಟಿ ಕರ್ನಾಟಕದ ಹಳ್ಳಿಗಳಿಗೆ ಹೊರಟರು. ತಿಂಗಳಿಗೆ ಮುನ್ನೂರು ರೂಪಾಯಿ ತನಗೆ ಭಾರ, ದಿನಕ್ಕೆ ಹತ್ತಾದರೆ ಕೊಡಬಲ್ಲೆನೆಂದು ಬೀದಿಬದಿಯ ವ್ಯಾಪಾರಿಯೊಬ್ಬಳು ತಮಗೆ ಬುದ್ಧಿ ಕಲಿಸಿದಳೆಂದು ಅವರು ಹೇಳಿಕೊಂಡಿರುವುದುಂಟು. ಗಣಿತಜ್ಞನಿಗೆ ಇವೆರಡೂ ಒಂದೇ; ಆಕೆಗೆ ಒಂದೇ ಅಲ್ಲ. ಪಿಗ್ಮಿಯನ್ನು ಬಲ್ಲ ಉಡುಪಿಯವರಿಗೆ ಈ ಮಾತು ಹೊಸದಾಗಿ ತೋರದು.

ಸಿಂಡಿಕೇಟ್ ಬ್ಯಾಂಕು ಪೋಷಿಸಿದ್ದ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಸೌರದೀಪಕ್ಕೆ ಸಾಲಕೊಟ್ಟ ಮೊದಲಿಗರಲ್ಲೊಂದು. ಬಳಿಕ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಸೇರಿ, ಬಡ್ಡಿಯ ಹೊರೆಯನ್ನು ತಗ್ಗಿಸಿ ಇಂತಹ ಸಾಲಗಳನ್ನು ಹಬ್ಬಿಸುವ ಯೋಜನೆಯನ್ನು ಕೈಗೊಂಡಿತು. ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರದಷ್ಟು ಮನೆಗಳು ಇದರಿಂದ ಬೆಳಕನ್ನು ಕಂಡುವು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟಿನವರು ಈ ಬಗೆಯ ಸಾಲದ ವಿಚಾರದಲ್ಲಿ ಬ್ಯಾಂಕುಗಳ ಅಧಿಕಾರಿಗಳಿಗೆ ತರಬೇತಿಯನ್ನು ಕೊಟ್ಟರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಲಭಿಸಿತು.

ಸಾಲದ ಬದಲಿಗೆ ದಾನವನ್ನೇ ಮಾಡಬಾರದಿತ್ತೇ ಎಂದು ಕೇಳುವವರುಂಟು. ಹೆಬ್ರಿಯ ಆಚೆ ನಮ್ಮ ಬಂಧುಗಳ ಮನೆಯಲ್ಲಿ ನಾನು ಕಂಡುದನ್ನು ಇಲ್ಲಿ ಹೇಳುವೆನು. ಅವರಿಗೆ ಸೌರದೀಪವು ಧರ್ಮಾರ್ಥವಾಗಿ ಬಂದಿತ್ತು. ಬ್ಯಾಟರಿಗೆ ಆಗಾಗ ಶುದ್ಧನೀರನ್ನು ಹಾಕಬೇಕೆಂದು ಯಾರೂ ತಿಳಿಸಲಿಲ್ಲ. ಕೆಟ್ಟಾಗ ಯಾರನ್ನು ಕರೆಯಬೇಕೆಂಬುದೂ ಗೊತ್ತಿರಲಿಲ್ಲ. ಎರಡನೆಯ ಆಟಿ ಕಳೆಯುವಷ್ಟರಲ್ಲಿ ದೀಪವು ಆರಿತು. ನಾನು ಹೋದ ಬೇಸಗೆಯಲ್ಲಿ ಫಲಕವು ಮಾಡಿನಿಂದಿಳಿದು ಅಂಗಳದಲ್ಲಿದ್ದಿತು. ಅದರ ಮೇಲೆ ದೊಡ್ಡಮ್ಮನವರು ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ನೆರೆಮನೆಯವರದು ಸಾಲದ ದೀಪ. ಅದು ಮಂಕಾದ ದಿನವೇ ಅವರು ದೂರಿತ್ತರು. ಮರುವಾರ ಹುಡುಗನೊಬ್ಬನು ಬಂದು ಸರಿಪಡಿಸಿದನು. ದೀಪವು ಉರಿಯದಿದ್ದರೆ ಕಂತು ನಿಲ್ಲುವುದು. ಕಂತು ನಿಂತರೆ ಬ್ಯಾಂಕಿನವರು ಕಾರಣ ಕೇಳುವರು. ಬ್ಯಾಂಕಿನವರು ಮುನಿದರೆ ದೀಪ ಮಾರಿದವನಿಗೆ ಮುಂದಿನ ವ್ಯಾಪಾರವಿಲ್ಲ. ಹೀಗೆ ಒಂದು ದೀಪದ ಉಳಿವಿನಲ್ಲಿ ಮೂವರ ಹಿತವೂ ಹೆಣೆದುಕೊಂಡಿದ್ದಿತು. ದಾನದ ದೀಪಕ್ಕೆ ಹಾಗೆ ಕೇಳುವವರಿರಲಿಲ್ಲ. ದಾನವು ಕೆಟ್ಟುದೆಂದು ನನ್ನ ಅಭಿಪ್ರಾಯವಲ್ಲ. ಕೊಟ್ಟವನು ಮರುವರ್ಷವೂ ಬಂದು ನೋಡದಿದ್ದರೆ ಅದು ಪೂರ್ಣವಾಗದು.

ಕಾಲವು ಈಗ ಬದಲಾಗಿದೆ. 2010ರಿಂದ ಪಡುಬಿದ್ರಿಯ ಸಮೀಪದ ಎಲ್ಲೂರಿನಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುದಾಗಾರವು ನಿಂತಿದೆ. 2017ರ ಸೌಭಾಗ್ಯ ಯೋಜನೆಯ ತರುವಾಯ ತಂತಿಯು ದೇಶದ ಮೂಲೆಮೂಲೆಯ ಮನೆಗಳನ್ನೂ ಅರಸಿಕೊಂಡು ಹೋಗಿದೆ. ಸಿಂಡಿಕೇಟ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಇಂದು ಪಟ್ಟಣಗಳ ತಾರಸಿಗಳ ಮೇಲೆಯೇ ಸೌರಫಲಕಗಳು ಏರುತ್ತಿವೆ. ಆದರೂ ಗಾಳಿಮಳೆಗೆ ಕಂಬ ಬಿದ್ದು ವಾರಗಟ್ಟಲೆ ಕತ್ತಲೆಯಲ್ಲಿರುವ ಮನೆಗಳು ಘಟ್ಟದ ಬುಡದಲ್ಲಿ ಇಲ್ಲದಿಲ್ಲ. ಅಲ್ಲಿನವರು ಹಳೆಯ ಫಲಕವನ್ನು ಒರಸಿ, ಹೊಸ ಬ್ಯಾಟರಿ ಕಟ್ಟಿ ಇಟ್ಟುಕೊಂಡಿರುವುದನ್ನು ನಾನು ಬಲ್ಲೆನು.

ನಮ್ಮವರು ಸೂರ್ಯನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆಯನ್ನು ಕಂಡುಹಿಡಿಯಲಿಲ್ಲ. ಅದನ್ನು ಬಡವನ ಮನೆಗೆ ಮುಟ್ಟಿಸುವ ದಾರಿಯನ್ನು ಮಾತ್ರ ಮೊದಲೇ ತಿಳಿದಿದ್ದರು. ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನು ಎಣಿಸಿಕೊಂಡು ಹೋದ ಆ ಹೆಸರಿಲ್ಲದ ಪಿಗ್ಮಿ ಸಂಗ್ರಾಹಕರನ್ನು ಈ ಬೆಳಕಿನ ಚರಿತ್ರೆಯನ್ನು ಬರೆಯುವವರು ಮರೆಯಬಾರದೆಂಬುದಷ್ಟೇ ನಮ್ಮ ವಿನಂತಿ.