ಸನ್ನೆ ಹುಟ್ಟುವುದು ಸೊಂಟದಲ್ಲಿ

ಮರದ ಕುರ್ಚಿಯ ಮೇಲೆ ಎರಡೂ ಅಂಗೈಗಳನ್ನು ಅಡಿಗಿಟ್ಟುಕೊಂಡು ಕೂತರೆ ಎರಡು ಎಲುಬುಗಳು ಕೈಗೆ ಒತ್ತುತ್ತವೆ. ತಲೆಯನ್ನು ಎಡಕ್ಕೆ ಹೊರಳಿಸಿ, ಭುಜವನ್ನೂ ಜೊತೆಗೆ ತಿರುಗಿಸಿದರೆ ಸಾಕು, ಭಾರ ಒಂದು ಎಲುಬಿನಿಂದ ಇನ್ನೊಂದಕ್ಕೆ ಜಾರುತ್ತದೆ. ಕುರ್ಚಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಕುದುರೆ ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿ. ಸವಾರನ ಭಾರ ಕೂದಲೆಳೆಯಷ್ಟು ಸರಿದರೂ ಅದರ ಬೆನ್ನಿಗೆ ಗೊತ್ತಾಗುತ್ತದೆ.

ಡ್ರೆಸೇಜ್ ಎಂಬ ಕುದುರೆ ಸವಾರಿಯ ಕಲೆ ನಿಂತಿರುವುದು ಈ ಒಂದು ಸತ್ಯದ ಮೇಲೆ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದಲ್ಲಿ ಕುದುರೆ ನಡೆಯಬೇಕು, ಓಡಬೇಕು, ಅಡ್ಡ ಸರಿಯಬೇಕು, ನಿಂತಲ್ಲೇ ಹೆಜ್ಜೆ ಹಾಕಬೇಕು. ಪ್ರತಿ ಚಲನೆಗೂ ತೀರ್ಪುಗಾರರು ಸೊನ್ನೆಯಿಂದ 10ರವರೆಗೆ ಅಂಕ ಕೊಡುತ್ತಾರೆ. ಸವಾರ ಬಾಯಿಬಿಟ್ಟು ಮಾತಾಡುವಂತಿಲ್ಲ, ನಾಲಿಗೆ ಲೊಚಗುಟ್ಟಿದರೂ ಅಂಕ ಹೋಗುತ್ತದೆ. ಉಳಿಯುವುದು ಮೈಭಾರ, ಕಾಲು ಮತ್ತು ಲಗಾಮು ಹಿಡಿದ ಬೆರಳುಗಳ ಸನ್ನೆ ಮಾತ್ರ.

ಈ ಅರಿವಿನ ಬೀಜ ನಮ್ಮ ನೆಲದಲ್ಲೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುದುರೆಯ ನಡೆಗಳನ್ನು ಹೇಳುವಾಗ, ಸನ್ನೆಗೆ ಸ್ಪಂದಿಸಿ ಸಾಗುವ ನಡೆಗೆ ‘ನಾರೋಷ್ಟ್ರ’ ಎಂದು ಪ್ರತ್ಯೇಕ ಹೆಸರೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಳಿ ವಿನೋದಕ್ಕೆ ಜಾಗ ಕೊಟ್ಟ. ಎರಡು ತಂಡಗಳು ಕುದುರೆಯೇರಿ ಕೋಲಿನಿಂದ ಚೆಂಡನ್ನು ತೋರಣದತ್ತ ಹೊಡೆಯುವ ಆಟ ಅದು. ಕನ್ನಡದ ‘ವಯ್ಯಾಳಿ’ ಬಂದದ್ದು ಈ ವಾಹ್ಯಾಳಿಯಿಂದಲೇ. ಕೃಷ್ಣಾ–ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು ಆಗ ಕಲ್ಯಾಣದ ಆಳ್ವಿಕೆಯಲ್ಲಿತ್ತು. ಮುಂದೆ ಇದೇ ನೆಲಕ್ಕಾಗಿ 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಯುದ್ಧ ಮಾಡಿದ. ಅವನ ದಂಡಿನಲ್ಲಿ 32,600 ಕುದುರೆಗಳಿದ್ದವೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಅಶ್ವಶಾಸ್ತ್ರಗಳು ಕುದುರೆಯ ಸುಳಿ, ಬಣ್ಣ, ಹಲ್ಲು, ರೋಗಗಳನ್ನು ಎಷ್ಟು ಕಣ್ಣಿಟ್ಟು ನೋಡಿದವೋ, ಸವಾರನ ಬೆನ್ನುಮೂಳೆಯನ್ನು ಅಷ್ಟು ನೋಡಲಿಲ್ಲ. ಕನ್ನಡದಲ್ಲಿ ಅಭಿನವಚಂದ್ರ ಬರೆದದ್ದೂ ‘ಅಶ್ವವೈದ್ಯ’ವೇ.

ಸವಾರನ ಮೈಯನ್ನು ಮೊದಲು ದಿಟ್ಟಿಸಿದವರಲ್ಲಿ ಗ್ರೀಸಿನ ಕ್ಸೆನೊಫನ್ ಒಬ್ಬ. ಕುರ್ಚಿಯಲ್ಲಿ ಕೂತಂತೆ ಕೂರಬೇಡ, ಕಾಲಗಲಿಸಿ ನೆಟ್ಟಗೆ ನಿಂತವನಂತಿರು ಎಂದು ಅವನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಹೇಳಿದ. ಫ್ರಾನ್ಸಿನ ಗೆರಿನಿಯೇರ್ 1733ರಲ್ಲಿ ಪೂರ್ಣವಾಗಿ ಹೊರತಂದ ಗ್ರಂಥ ಇಂದಿನ ಡ್ರೆಸೇಜಿನ ಅಡಿಪಾಯ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಆ ಪರಂಪರೆಯನ್ನು ಇಂದಿಗೂ ಕಾಪಾಡಿಕೊಂಡಿದೆ. ಅಲ್ಲಿ ಹೊಸಬನ ಕೈಗೆ ಮೊದಲು ಲಗಾಮು ಸಿಗುವುದಿಲ್ಲ, ಪಾದಕ್ಕೆ ರಿಕಾಬೂ ಇಲ್ಲ. ಗುರು ಲಂಜ್ ಎಂಬ ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ಓಡಿಸುತ್ತಾನೆ, ಶಿಷ್ಯ ತಿಂಗಳುಗಟ್ಟಲೆ ಕೂರುವುದನ್ನಷ್ಟೇ ಕಲಿಯುತ್ತಾನೆ.

ಕೂರುವುದನ್ನು ಅಷ್ಟು ಕಾಲ ಕಲಿಯಬೇಕೇ? ದುಲ್ಕಿ ಓಟದಲ್ಲಿ ಕುದುರೆಯ ಬೆನ್ನು ಒಂದು ಸುತ್ತಿನ ಹೆಜ್ಜೆಗೆ ಎರಡು ಸಲ ಏರಿ ಇಳಿಯುತ್ತದೆ. ಸವಾರನ ಸೊಂಟ ಅದರೊಂದಿಗೆ ಹಿಂದೆ ಮುಂದೆ ತೂಗದಿದ್ದರೆ ಮೈ ಕುಲುಕಾಡುತ್ತದೆ. ಬೀಳುವ ಭಯಕ್ಕೆ ಮೊಣಕಾಲು ಬಿಗಿಯುತ್ತದೆ, ಹಿಮ್ಮಡಿ ಮೇಲೇರುತ್ತದೆ, ಕೈ ಲಗಾಮಿಗೆ ಜೋತುಬೀಳುತ್ತದೆ. ಕುದುರೆಗೆ ಅದು ಕಡಿವಾಣದ ನೋವು. ಮುಂದೆ ಹೋಗು ಎಂದು ಕಾಲು ಹೇಳುವಾಗಲೇ ನಿಲ್ಲು ಎಂದು ಕೈ ಹೇಳುತ್ತಿರುತ್ತದೆ. ಇಂಥ ಕುದುರೆಯನ್ನು ಮೊಂಡು ಎಂದು ಕರೆದು ಚಾಟಿ ಎತ್ತುವುದು ದೊಡ್ಡ ಅನ್ಯಾಯ. ಎಡೆದೊರೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂಡಿ ಹಿಂದಕ್ಕೆ ವಾಲಿದರೆ ಅವನು ಎತ್ತುಗಳನ್ನು ಬೈಯುವುದಿಲ್ಲ, ತಾನೇ ಮೂಕಿಯತ್ತ ಸರಿದು ಕೂರುತ್ತಾನೆ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಡ್ರೆಸೇಜ್ ಬಂದಾಗ ಅದು ಸೈನ್ಯಾಧಿಕಾರಿಗಳ ಸ್ವತ್ತಾಗಿತ್ತು. ಆ ಬೇಲಿ ಮುರಿದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೊಗೆ ತುತ್ತಾಗಿದ್ದರು. ಮೊಣಕಾಲಿನ ಕೆಳಗೆ ಶಕ್ತಿ ಇರಲಿಲ್ಲ, ಕುದುರೆ ಹತ್ತಲು ಬೇರೆಯವರ ಆಸರೆ ಬೇಕಿತ್ತು. ಹಾಗಿದ್ದೂ ಜುಬಿಲಿ ಎಂಬ ಕುದುರೆಯ ಮೇಲೆ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೊಮ್ಮೆ ಗೆದ್ದರು. ಹಿಮ್ಮಡಿಯಿಂದ ಕೊಡಬೇಕಾದ ಸನ್ನೆಯನ್ನು ಬೆನ್ನು ಮತ್ತು ಮೈಭಾರದಿಂದಲೇ ಕೊಡಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಸವಾರಿ ಕಲಿಸುವ ಬಗೆಯಲ್ಲಿ ಆಮೇಲೆ ಬಂದ ಬದಲಾವಣೆಗೂ ಕಾರಣ ನೊಂದ ಇನ್ನೊಂದು ಬೆನ್ನು. ಅಮೆರಿಕದ ಸ್ಯಾಲಿ ಸ್ವಿಫ್ಟ್‌ಗೆ ಬಾಲ್ಯದಿಂದಲೇ ಬೆನ್ನುಮೂಳೆ ಬಾಗಿತ್ತು. ತನ್ನ ಮೈ ಸರಿಪಡಿಸಿಕೊಳ್ಳಲು ಕಲಿತದ್ದನ್ನೇ ಅವರು 1985ರ ‘ಸೆಂಟರ್ಡ್ ರೈಡಿಂಗ್’ ಪುಸ್ತಕದಲ್ಲಿ ಸವಾರರಿಗೆ ಹಂಚಿದರು. ಕಣ್ಣನ್ನು ಒಂದೇ ಕಡೆ ನೆಡದೆ ಸುತ್ತಲನ್ನೂ ನೋಡುವುದು, ಉಸಿರನ್ನು ಆಳಕ್ಕೆ ಇಳಿಸುವುದು, ಹೊಕ್ಕುಳ ಕೆಳಗಿನ ಕೇಂದ್ರವನ್ನು ಅರಿಯುವುದು, ಪಾದದಿಂದ ತಲೆಯವರೆಗೆ ಮೈಯನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಜೋಡಿಸುವುದು: ಇಷ್ಟೇ ಅವರ ಪಾಠ. ಪ್ರಾಣಾಯಾಮ ಬಲ್ಲ ನಮ್ಮವರಿಗೆ ಇದು ಹತ್ತಿರದ ಮಾತು. ಇಂಗ್ಲೆಂಡಿನ ಮೇರಿ ವಾನ್‌ಲೆಸ್, ಜರ್ಮನಿಯ ಎಕಾರ್ಟ್ ಮೈನರ್ಸ್ ಇದೇ ದಾರಿಯನ್ನು ಮುಂದುವರಿಸಿದರು. ಹಿಲರಿ ಕ್ಲೇಟನ್‌ರಂಥ ವಿಜ್ಞಾನಿಗಳು ಜೀನಿನ ಅಡಿಗೆ ಒತ್ತಡ ಅಳೆಯುವ ಹಾಸನ್ನೂ ಲಗಾಮಿಗೆ ಎಳೆತ ಅಳೆಯುವ ಸಂವೇದಕವನ್ನೂ ಜೋಡಿಸಿ, ಗುರುವಿನ ಕಣ್ಣಳತೆಯನ್ನು ಅಂಕಿಯಾಗಿಸಿದರು.

ಕರ್ನಾಟಕದಲ್ಲಿ ಕುದುರೆ ಸವಾರಿ ಬಹುಕಾಲ ಸೇನೆ, ಅರಮನೆ, ಪೊಲೀಸರ ಬಳಿ ಉಳಿಯಿತು. 1918ರಲ್ಲಿ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಅದರ ಹೆಮ್ಮೆ, ದಸರೆಯ ಅಶ್ವಾರೋಹಿ ಪೊಲೀಸ್ ದಳ ಅದರ ಇಂದಿನ ಮುಖ. ಬೆಂಗಳೂರಿನ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಬಂದ ಮೇಲೆ ಕ್ರೀಡೆಗೆ ಹೊಸ ನೆಲೆ ಸಿಕ್ಕಿತು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇವೆಂಟಿಂಗ್ ಎಂಬ ಹಲವು ಹಂತಗಳ ಸವಾರಿ ಸ್ಪರ್ಧೆಯಲ್ಲಿ ಎರಡು ಬೆಳ್ಳಿ ಗೆದ್ದರು. ಇವೆಂಟಿಂಗ್‌ನ ಮೊದಲ ಹಂತವೇ ಡ್ರೆಸೇಜ್. ಟೋಕಿಯೊ ಒಲಿಂಪಿಕ್ಸ್‌ನ ಆ ಹಂತದಲ್ಲಿ ಅವರು ಸೀನ್ಯೋರ್ ಮೆಡಿಕಾಟ್ ಕುದುರೆಯ ಮೇಲೆ ಕೇವಲ 28 ಪೆನಾಲ್ಟಿ ಅಂಕ ಪಡೆದು 9ನೆಯ ಸ್ಥಾನದಲ್ಲಿದ್ದರು. ಕೊನೆಗೆ ಸಿಕ್ಕಿದ್ದು 23ನೆಯ ಸ್ಥಾನ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌನಲ್ಲಿ ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರ ಡ್ರೆಸೇಜ್ ತಂಡ ಚಿನ್ನ ತಂದಿತು. ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಕುದುರೆ ಸವಾರಿಯ ಚಿನ್ನ ಸಿಕ್ಕಿದ್ದು 41 ವರ್ಷಗಳ ಬಳಿಕ. ಮರುವರ್ಷ ಪ್ಯಾರಿಸ್‌ನಲ್ಲಿ ಅನುಷ್ ಒಲಿಂಪಿಕ್ ಡ್ರೆಸೇಜಿಗೆ ಇಳಿದ ಮೊದಲ ಭಾರತೀಯರಾದರು.

ಇವರೆಲ್ಲ ಯುರೋಪಿನಲ್ಲಿ ವರ್ಷಗಟ್ಟಲೆ ಪಳಗಿದವರು. ಅವರ ದುಬಾರಿ ಕುದುರೆಗಳು ಎಲ್ಲರಿಗೂ ಎಟುಕವು. ಲಂಜ್ ಹಗ್ಗಕ್ಕೆ ಮತ್ತು ತಾಳ್ಮೆಗೆ ಮಾತ್ರ ಅಷ್ಟು ಹಣ ಬೇಡ. ನಮ್ಮ ಸವಾರಿ ಶಾಲೆಗಳು ಮಕ್ಕಳ ಕೈಗೆ ಲಗಾಮು ಕೊಡುವ ಮೊದಲು, ಬರಿಗೈಯಲ್ಲಿ ಕೂತು ಕುದುರೆಯ ಬೆನ್ನನ್ನು ಅರಿಯಲು ಕೆಲವು ತಿಂಗಳನ್ನಾದರೂ ಮೀಸಲಿಡಲಿ.