ನಿಲುಗಡೆಯ ದಿನವೋ, ಕಾರಣದ ಪ್ರಶ್ನೆಯೋ: ಆಸ್ಪತ್ರೆಯ ಆಂಟಿಬಯಾಟಿಕ್ ನಮೂನೆಗಳ ಕುರಿತು

ಆಂಟಿಬಯಾಟಿಕ್ ಬರೆಯಲು ಪ್ರತ್ಯೇಕ ನಮೂನೆ ಇದ್ದರೆ ಆಸ್ಪತ್ರೆಯಲ್ಲಿ ಅದರ ಬಳಕೆ ಹದಕ್ಕೆ ಬರುತ್ತದೆ ಎಂಬುದರಲ್ಲಿ ಈಗ ಹೆಚ್ಚಿನ ತಕರಾರಿಲ್ಲ. ಔಷಧ ಮುಂಜಾಗ್ರತೆಗೋ, ಶಂಕಿತ ಸೋಂಕಿಗೋ, ಖಚಿತವಾದ ಸೋಂಕಿಗೋ ಎಂದು ವೈದ್ಯರು ಗುರುತು ಹಾಕಬೇಕಾದ ನಮೂನೆಗಳು 1980ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ಪರೀಕ್ಷೆಗೊಳಗಾದವು. ಅಲ್ಲಿನ ಸಾಂಕ್ರಾಮಿಕ ರೋಗ ತಜ್ಞರ ಸಂಘ 2007ರಲ್ಲಿ ಹೊರತಂದ ಮಾರ್ಗಸೂಚಿಯೂ (ಡೆಲಿಟ್ ಮತ್ತು ಇತರರು) ಅವನ್ನು ಎತ್ತಿಹಿಡಿಯಿತು. ಚರ್ಚೆಗೆ ಉಳಿದಿರುವುದು ಈ ಯಶಸ್ಸಿನ ಕಾರಣ.

ಮಾರ್ಗಸೂಚಿ ಎರಡು ಕಾರಣಗಳನ್ನು ಹೇಳುತ್ತದೆ: ಅವಧಿ ಮುಗಿದೊಡನೆ ತಾನಾಗಿ ರದ್ದಾಗುವ ಆದೇಶ, ವೈದ್ಯರು ಕೊಡಬೇಕಾದ ಸಮರ್ಥನೆ. ಆದರೆ ಅದರ ನಿದರ್ಶನ ಮೊದಲನೆಯದಕ್ಕೇ ಒತ್ತು ಕೊಡುತ್ತದೆ. ಶಸ್ತ್ರಚಿಕಿತ್ಸೆಯ ಮುಂಜಾಗ್ರತಾ ಔಷಧ 2 ದಿನಕ್ಕೆ ನಿಲ್ಲುವ ನಮೂನೆ ಬಂದ ಮೇಲೆ ಸರಾಸರಿ ಅವಧಿ 4.9 ದಿನಗಳಿಂದ 2.9ಕ್ಕೆ ಇಳಿಯಿತು, 2 ದಿನ ಮೀರಿ ಔಷಧ ಪಡೆದವರ ಪ್ರಮಾಣ ಶೇ. 85ರಿಂದ ಶೇ. 44ಕ್ಕೆ ತಗ್ಗಿತು. ಈ ಅಂಕಿಗಳು ಇನ್ನೊಂದು ಓದಿಗೂ ಎಡೆಕೊಡುತ್ತವೆ. ನಿಲುಗಡೆಯೊಂದೇ ಕೆಲಸ ಮಾಡಿದ್ದರೆ ಗಡಿ ದಾಟಿದವರು ಬೆರಳೆಣಿಕೆಯಷ್ಟು ಇರಬೇಕಿತ್ತು. ಶೇ. 44 ಮಂದಿ ದಾಟಿದ್ದಾರೆ ಎಂದರೆ ಅವರ ಔಷಧವನ್ನು ಯಾರೋ ಮುಂದುವರಿಸಿದ್ದಾರೆ. ಹಾಗಾಗಿ ನಿಲುಗಡೆಯ ಮುಖ್ಯ ಪರಿಣಾಮ, ರೂಢಿಯಿಂದ ಮುಂದುವರಿಯುತ್ತಿದ್ದ ಔಷಧವನ್ನು ಹೊಸದಾಗಿ ನಿರ್ಧರಿಸಬೇಕಾದ ಸಂಗತಿಯಾಗಿಸಿದ್ದು ಎಂದು ನನ್ನ ವಾದ.

ಇದನ್ನು ಎಚ್ಚರದಿಂದಲೇ ಹೇಳಬೇಕು. ನಿಲುಗಡೆಯೂ ಸಮರ್ಥನೆಯೂ ಒಟ್ಟಿಗೇ ಜಾರಿಯಾಗಿದ್ದರೆ ಅವುಗಳ ಪಾಲನ್ನು ಬೇರ್ಪಡಿಸುವುದು ಕಷ್ಟ. ಗಡಿ ದಾಟಿದವರಲ್ಲಿ ನಿಜಕ್ಕೂ ಸೋಂಕು ತಗುಲಿದವರು ಇದ್ದಿರಬಹುದು. ಆದರೂ ತಾನಾಗಿ ರದ್ದಾಗುವ ಆದೇಶ ವೈದ್ಯರ ವಿವೇಚನೆಯ ಸ್ಥಾನವನ್ನು ಆಕ್ರಮಿಸಬಾರದು ಎಂದು ಅದೇ ಮಾರ್ಗಸೂಚಿ ಎಚ್ಚರಿಸುತ್ತದೆ. ರಾತ್ರಿ ಪಾಳಿಯಲ್ಲಿ ಅವಧಿ ಮುಗಿದು, ರಕ್ತದ ಸೋಂಕಿರುವವರಿಗೆ ಒಂದು ಡೋಸ್ ತಪ್ಪಿದರೆ ಕೇಡು ರೋಗಿಗೇ.

ಔಷಧದ ರಕ್ತಮಟ್ಟದ ಮೇಲೆ ನಿಗಾ ಇಡುವ ನಮೂನೆಯ ವಿಭಾಗವೂ, ಅಚ್ಚಾದ ಅಂಕಿಗಿಂತ ಕೇಳುವ ಪ್ರಶ್ನೆಯೇ ಮುಖ್ಯ ಎಂದು ಸೂಚಿಸುತ್ತದೆ. ತೀವ್ರ ಸೋಂಕಿನಲ್ಲಿ ವ್ಯಾಂಕೊಮೈಸಿನ್‌ನ ಕನಿಷ್ಠ ರಕ್ತಮಟ್ಟ ಲೀಟರಿಗೆ 15–20 ಮಿ.ಗ್ರಾಂ ಇರಲಿ ಎಂದು 2009ರ ಅಮೆರಿಕದ ಮಾರ್ಗಸೂಚಿ ಹೇಳಿತ್ತು. 2020ರ ಪರಿಷ್ಕರಣೆ, ಮೂತ್ರಪಿಂಡಕ್ಕಾಗುವ ಹಾನಿಯನ್ನೂ ಗಮನಿಸಿ, ಆ ಗುರಿಯನ್ನು ಕೈಬಿಟ್ಟಿತು. ಹಳೆಯ ಅಂಕಿಯನ್ನು ಅಚ್ಚುಹಾಕಿದ ನಮೂನೆ ಹಳೆಯ ಪದ್ಧತಿಯನ್ನೇ ಬೆಳೆಸುತ್ತದೆ. ಡೋಸ್ ಶುರುವಾದ ಗಂಟೆ, ರಕ್ತ ತೆಗೆದ ಗಂಟೆ ಎಂಬ ಎರಡು ಅಂಕಣಗಳಾದರೋ ಯಾವ ಗುರಿಗೂ ಬೇಕು. ಅವಿಲ್ಲದೆ ಪ್ರಯೋಗಾಲಯದ ವರದಿಗೆ ಅರ್ಥವಿಲ್ಲ.

ಕಾರಣ ಕೇಳಿ ನಿಲುಗಡೆ ಇಲ್ಲದ ನಮೂನೆಯನ್ನೂ ನಿಲುಗಡೆ ಇದ್ದು ಕಾರಣ ಕೇಳದ ನಮೂನೆಯನ್ನೂ ಅಕ್ಕಪಕ್ಕದ ವಾರ್ಡುಗಳಲ್ಲಿ ಇಟ್ಟು ನೋಡಿದರೆ ಈ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಬರೆದ ಕಾರಣ ಎಷ್ಟು ದಿನ ನಿಜವಾದ ಕಾರಣವಾಗಿ ಉಳಿದು, ಯಾವಾಗ ಬರೀ ಗುರುತಾಗುತ್ತದೆ ಎಂಬುದು ಅದಕ್ಕೂ ಕಠಿಣವಾದ ಪ್ರಶ್ನೆ.